‘ವಯಸ್ಸಾಯ್ತಲ್ಲಮ್ಮ’ ಅಂತ ಕಳಿಸಿಬಿಟ್ಟರೆ: ಮುಟ್ಟು ನಿಲ್ಲುವ ಕಾಲದಲ್ಲಿ ಸರಿಯಾದ ಚಿಕಿತ್ಸೆ ಪಡೆಯುವ ದಾರಿ

ಹಾಸನದ ಕಡೆ ಡಿಸೆಂಬರ್ ಬೆಳಗಿನ ಚಳಿ ಗೊತ್ತಲ್ಲ, ಒಲೆ ಮುಂದೆ ನಿಂತರೂ ಸ್ವೆಟರ್ ಬಿಚ್ಚಲು ಮನಸ್ಸಾಗುವುದಿಲ್ಲ. ಎರಡು ವರ್ಷದ ಹಿಂದೆ ಅಂಥ ಒಂದು ಬೆಳಗ್ಗೆ ಐದೂವರೆಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಎದೆಯಿಂದ ಒಂದು ಝಳ ಎದ್ದು ಕತ್ತು, ಕಿವಿ, ನೆತ್ತಿಯವರೆಗೆ ಏರಿತು. ಹಣೆಯ ಬೆವರು ಕಾವಲಿ ಮೇಲೆ ಬಿದ್ದು ಚುರ್ ಅಂದಿತು. ಸ್ವೆಟರ್ ಕಿತ್ತೆಸೆದು, ಹಿತ್ತಲ ಬಾಗಿಲು ತೆಗೆದು, ಮಂಜಿನಲ್ಲಿ ಹೋಗಿ ನಿಂತೆ. ಮೂರು ನಿಮಿಷಕ್ಕೆ ಝಳ ಇಳಿಯಿತು. ಒದ್ದೆ ರವಿಕೆಯಲ್ಲಿ ನಡುಕ ಶುರುವಾಯಿತು. ಒಳಗೆ ಬಂದರೆ ರೊಟ್ಟಿ ಸೀದು ಕರಕಲಾಗಿತ್ತು.

ಆಗ ನನಗೆ 47. ಮುಟ್ಟು ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಆಗುತ್ತಿತ್ತು. ಫೆಬ್ರವರಿಯಲ್ಲಿ ಒಬ್ಬ ಡಾಕ್ಟರ ಹತ್ತಿರ ಹೋದೆ. ಎರಡು ಗಂಟೆ ಕಾದೆ. “ರಾತ್ರಿ ನಿದ್ದೆ ಇಲ್ಲ ಡಾಕ್ಟ್ರೇ, ಮೈಯೆಲ್ಲ ಬೆಂಕಿ ಹತ್ತಿದ ಹಾಗೆ...” ಅನ್ನುವಷ್ಟರಲ್ಲಿ ಪೆನ್ನು ಚೀಟಿಯ ಮೇಲೆ ಓಡುತ್ತಿತ್ತು. “ವಯಸ್ಸಾಯ್ತಲ್ಲಮ್ಮ. ಎಲ್ಲಾ ಹೆಂಗಸರಿಗೂ ಆಗೋದೇ. ಜಾಸ್ತಿ ಯೋಚನೆ ಮಾಡ್ಬೇಡಿ.” ಕ್ಯಾಲ್ಸಿಯಂ ಮಾತ್ರೆ ಒಂದು, ನಿದ್ದೆ ಮಾತ್ರೆ ಒಂದು. ಮೂರು ನಿಮಿಷವೂ ಆಗಿರಲಿಲ್ಲ.

ಹೊರಗೆ ಬಂದಾಗ ಸಿಟ್ಟಿಗಿಂತ ನಾಚಿಕೆ ಜಾಸ್ತಿ ಆಗಿತ್ತು. ಇಷ್ಟು ಸಣ್ಣ ವಿಷಯಕ್ಕೆ ಬಂದೆನಲ್ಲ ಅಂತ. ಅದಾದ ಮೇಲೆ ಎಂಟು ತಿಂಗಳು ಯಾವ ಆಸ್ಪತ್ರೆಯ ಕಡೆಗೂ ತಲೆ ಹಾಕಲಿಲ್ಲ. ಆ ಎಂಟು ತಿಂಗಳು ಸುಮ್ನೆ ಹೋಯಿತು ಅಂತ ಈಗಲೂ ಹೊಟ್ಟೆ ಉರಿಯುತ್ತದೆ. ನಿಮಗೆ ಹಾಗಾಗಬಾರದು ಅಂತ, ನಾನು ಆಮೇಲೆ ಏನೇನು ಮಾಡಿದೆ, ಏನೇನು ತಿಳಿದುಕೊಂಡೆ ಅನ್ನುವುದನ್ನು ಒಂದೊಂದಾಗಿ ಬರೆಯುತ್ತಿದ್ದೇನೆ.

‘ಸಹಜ’ ಅನ್ನುವ ಮಾತನ್ನು ಮೊದಲು ಬಿಡಿಸಿಕೊಳ್ಳಿ

ಡಾಕ್ಟರ್ ಹೇಳಿದ್ದು ಸುಳ್ಳಲ್ಲ. ಮುಟ್ಟು ನಿಲ್ಲುವುದು ಸಹಜವೇ. ಆದರೆ ಹೆರಿಗೆಯೂ ಸಹಜ ಅಲ್ವಾ? ಹಾಗಂತ ಹೆರಿಗೆ ನೋವು ಬಂದವಳಿಗೆ ಯಾರೂ “ಎಲ್ಲರಿಗೂ ಆಗೋದೇ, ಮನೆಗೆ ಹೋಗಮ್ಮ” ಅನ್ನುವುದಿಲ್ಲ. ಸಹಜವಾದದ್ದಕ್ಕೂ ಆರೈಕೆ ಬೇಕು, ಔಷಧಿಯೂ ಇರುತ್ತದೆ.

ಸತತ 12 ತಿಂಗಳು ಮುಟ್ಟಾಗದಿದ್ದರೆ ಋತುಬಂಧ ಆಯಿತು ಅಂತ ಲೆಕ್ಕ. ನಮ್ಮ ದೇಶದ ಹೆಂಗಸರಿಗೆ ಇದು ಸರಾಸರಿ 46-47ಕ್ಕೇ ಆಗುತ್ತದೆ. ಪಶ್ಚಿಮದ ದೇಶಗಳಲ್ಲಿ 51ರ ಹತ್ತಿರ. ಅದಕ್ಕೂ ಕೆಲವು ವರ್ಷ ಮೊದಲೇ ಏರುಪೇರು ಶುರುವಾಗುತ್ತದೆ. 42-43ಕ್ಕೆ ತೊಂದರೆ ಶುರುವಾದವರು “ನನಗಿನ್ನೂ ವಯಸ್ಸಾಗಿಲ್ಲ, ಇದು ಬೇರೆ ಏನೋ” ಅಂದುಕೊಳ್ಳುವುದು ಇದಕ್ಕೇ.

ಝಳ, ರಾತ್ರಿ ಬೆವರು ಎಲ್ಲರಿಗೂ ಗೊತ್ತು. ಬೆಳಗ್ಗೆ ಎದ್ದಾಗ ಬೆರಳ ಗಂಟು ಹಿಡಿದುಕೊಳ್ಳುವುದು, ಕಾರಣವಿಲ್ಲದೆ ಎದೆ ಡವಗುಟ್ಟುವುದು, ಹೆಸರು ನಾಲಿಗೆ ತುದಿಗೆ ಬಂದು ನಿಲ್ಲುವುದು, ಮೇಲಿಂದ ಮೇಲೆ ಉರಿಮೂತ್ರ, ಕೆಳಗೆ ಒಣಗಿ ಗಂಡನ ಜೊತೆ ಸೇರುವಾಗ ನೋವು, ಸಣ್ಣದಕ್ಕೂ ಅಳು, ಇವೂ ಇದೇ ಕಾಲದವು ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನು ಗಂಟು ನೋವಿಗೆ ಒಬ್ಬರ ಹತ್ತಿರ, ಉರಿಮೂತ್ರಕ್ಕೆ ಇನ್ನೊಬ್ಬರ ಹತ್ತಿರ ಓಡಾಡುತ್ತಿದ್ದೆ.

“ಎರಡು ತಿಂಗಳು ತಡ್ಕೊಳ್ಳಿ, ಹೋಗುತ್ತೆ” ಅಂತಲೂ ಹೇಳುತ್ತಾರೆ. ಅಮೆರಿಕದಲ್ಲಿ ಬಹಳ ವರ್ಷ ಹೆಂಗಸರನ್ನು ಹಿಂಬಾಲಿಸಿ ನಡೆಸಿದ ಅಧ್ಯಯನದಲ್ಲಿ, ಪದೇ ಪದೇ ಝಳ ಬರುತ್ತಿದ್ದವರಲ್ಲಿ ಅರ್ಧದಷ್ಟು ಜನರಿಗೆ ಅದು ಏಳು ವರ್ಷಕ್ಕಿಂತ ಜಾಸ್ತಿ ಕಾಲ ಇತ್ತು. ಏಳು ವರ್ಷ ನಿದ್ದೆಗೆಡುವುದನ್ನು ತಡೆದುಕೊಳ್ಳಿ ಅನ್ನುವುದು ಯಾವ ನ್ಯಾಯ?

ಇವು ಕಂಡರೆ ಒಂದು ದಿನವೂ ಕಾಯಬೇಡಿ

ಉಳಿದ ಹೆಜ್ಜೆಗಳನ್ನು ನಿಧಾನವಾಗಿ ಮಾಡಬಹುದು. ಇವನ್ನು ಮಾತ್ರ ತಡಮಾಡಬೇಡಿ. ಮುಟ್ಟು ನಿಂತು ಒಂದು ವರ್ಷ ಆದ ಮೇಲೆ ಒಂದು ಹನಿ ರಕ್ತ ಕಂಡರೂ ಸ್ತ್ರೀರೋಗ ತಜ್ಞರಿಗೆ ತೋರಿಸಲೇಬೇಕು. “ಮತ್ತೆ ಮುಟ್ಟಾಯ್ತು” ಅಂತ ಖುಷಿಪಡುವ ವಿಷಯ ಅದಲ್ಲ. ಬಹಳ ಸಲ ಕಾರಣ ಸಣ್ಣದೇ ಇರುತ್ತದೆ, ಆದರೆ ಗರ್ಭಕೋಶದ ಕ್ಯಾನ್ಸರ್ ಮೊದಲು ಕಾಣಿಸಿಕೊಳ್ಳುವುದೂ ಹೀಗೇ. ಗಂಟೆಗೊಂದು ಪ್ಯಾಡ್ ತುಂಬುವಷ್ಟು ಹೋಗುತ್ತಿದ್ದರೂ ಅಂದೇ ಹೋಗಿ. 40ಕ್ಕಿಂತ ಮೊದಲೇ ಮುಟ್ಟು ನಿಂತರೆ ಅದು ಸಾಮಾನ್ಯ ಋತುಬಂಧ ಅಲ್ಲ, ಮೂಳೆ ಮತ್ತು ಹೃದಯದ ಸಲುವಾಗಿಯೇ ಚಿಕಿತ್ಸೆ ಬೇಕಾಗುತ್ತದೆ. ಸ್ತನದಲ್ಲಿ ಗಂಟು ಸಿಕ್ಕರೂ ಹಾಗೇ, ನೋವಿಲ್ಲ ಅಂತ ಬಿಡಬೇಡಿ.

ಬೆವರಿನ ಜೊತೆ ಎದೆ ಬಿಗಿತ, ದವಡೆ ಅಥವಾ ಕೈ ನೋವು, ಉಸಿರು ಕಟ್ಟುವುದು ಇದ್ದರೆ ಝಳ ಅಂದುಕೊಂಡು ಕೂರಬೇಡಿ. 108ಕ್ಕೆ ಫೋನ್ ಮಾಡಿ. ಬದುಕೇ ಬೇಡ ಅನ್ನಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೂರು ವಾರ ಬರೆದಿಡಿ

ನನ್ನ ಪಾಲಿಗೆ ಎಲ್ಲವನ್ನೂ ಬದಲಿಸಿದ ಹೆಜ್ಜೆ ಇದು, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನಾನು ನಮ್ಮೂರ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುವವಳು. ಹಾಲು ತಂದವರು “ನಮ್ಮ ಹಸುವಿನ ಹಾಲು ಚೆನ್ನಾಗಿದೆ” ಅಂದರೆ ನಾನು ಅದನ್ನು ಬರೆದುಕೊಳ್ಳುವುದಿಲ್ಲ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಅದನ್ನು ಬರೆಯುತ್ತೇನೆ. ದುಡ್ಡು ಬರುವುದು ಆ ಲೆಕ್ಕಕ್ಕೆ. ಅಕ್ಟೋಬರ್‌ನಲ್ಲಿ ಒಂದು ದಿನ ನಮ್ಮ ಅತ್ತಿಗೆ ಕೇಳಿದರು: “ನೀನು ಡಾಕ್ಟರ ಹತ್ರ ಏನಂತ ಹೇಳ್ದೆ?” “ನಿದ್ದೆ ಬರಲ್ಲ, ಸೆಕೆ ಆಗುತ್ತೆ ಅಂದೆ.” “ಅಷ್ಟೇನಾ? ರಾತ್ರಿ ಎಷ್ಟು ಸಲ ಏಳ್ತೀಯ ಅಂತ ಹೇಳಲಿಲ್ವಾ?” ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ. ಊರಿನವರ ಹಸುಗಳ ಲೆಕ್ಕವೆಲ್ಲ ನನ್ನ ಹತ್ತಿರ ಇತ್ತು, ನನ್ನ ಮೈಯ ಲೆಕ್ಕ ಇರಲಿಲ್ಲ.

ಅವತ್ತೇ ಒಂದು ನೂರು ಪುಟದ ನೋಟ್‌ಬುಕ್ ತೆಗೆದೆ. ಅದರಲ್ಲಿ ಇದ್ದದ್ದು ಹೀಗೆ:

“ಮಂಗಳವಾರ. ರಾತ್ರಿ 1.10, 3.00, 4.20ಕ್ಕೆ ಎಚ್ಚರ. ಒಂದು ಸಲ ನೈಟಿ ಬದಲಿಸಿದೆ. ಹಗಲು ಝಳ 7 ಸಲ. ಡೇರಿಯಲ್ಲಿ ಎರಡು ಹೆಸರಿಗೆ ಲೆಕ್ಕ ಅದಲುಬದಲು ಬರೆದೆ.”

“ಗುರುವಾರ. ಹಾಸನಾಂಬೆ ದರ್ಶನಕ್ಕೆ ಹೋಗಿದ್ದೆ. ಸಾಲಿನಲ್ಲಿ ನಿಂತಾಗ ಎರಡು ಸಲ ಝಳ, ಕಣ್ಣು ಕತ್ತಲೆ ಬಂದು ಕೂತೆ. ದರ್ಶನ ಆಗಲಿಲ್ಲ, ವಾಪಸ್ ಬಂದೆ.”

ನೀವೂ ಇಷ್ಟೇ ಬರೆಯಿರಿ. ದಿನಕ್ಕೆ ಎಷ್ಟು ಸಲ, ರಾತ್ರಿ ಎಷ್ಟು ಎಚ್ಚರ, ಅವತ್ತು ಯಾವ ಕೆಲಸ ಕೆಟ್ಟಿತು ಅಥವಾ ನಿಂತಿತು. ಈ ಮೂರನೆಯದನ್ನು ಬಿಡಬೇಡಿ. “ತುಂಬಾ ತೊಂದರೆ” ಅಂದರೆ ಕೇಳಿದವರಿಗೆ ಏನೂ ಕಾಣುವುದಿಲ್ಲ. “ಮೂರು ವಾರದಲ್ಲಿ ಹದಿನೈದು ರಾತ್ರಿ ಮೂರು ಗಂಟೆ ನಿದ್ದೆ, ಡೇರಿಯ ಲೆಕ್ಕ ನಾಲ್ಕು ಸಲ ತಪ್ಪಿದೆ” ಅಂದರೆ ಕಾಣುತ್ತದೆ. ಮುಟ್ಟಾದ ದಿನ, ಎಷ್ಟು ದಿನ ಹೋಯಿತು ಅನ್ನುವುದನ್ನೂ ಗುರುತು ಹಾಕಿ. ಏನು ತಿಂದ ಮೇಲೆ, ಕುಡಿದ ಮೇಲೆ ಝಳ ಬಂತು ಅಂತಲೂ ನೋಡಿ. ನನಗೆ ಬಿಸಿ ಬಿಸಿ ಕಾಫಿ ಕುಡಿದ ಹತ್ತು ನಿಮಿಷಕ್ಕೆ ಬರುತ್ತಿತ್ತು. ಕಾಫಿ ಸೀಮೆಯಲ್ಲಿ ಹುಟ್ಟಿದವಳಿಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟವಾಯಿತು, ಆದರೆ ಪುಟದ ಮೇಲೆ ಇತ್ತು.

ಮೂರು ವಾರ ಆದ ಮೇಲೆ ಎಲ್ಲವನ್ನೂ ಒಂದೇ ಹಾಳೆಗೆ ಇಳಿಸಿ. ಡಾಕ್ಟರಿಗೆ ನೋಟ್‌ಬುಕ್ ಓದುವ ಪುರುಸೊತ್ತು ಇರುವುದಿಲ್ಲ, ಒಂದು ಹಾಳೆ ಓದುತ್ತಾರೆ. ವಯಸ್ಸು, ಕೊನೆಯ ಮುಟ್ಟಿನ ದಿನಾಂಕ, ಅತಿ ಹೆಚ್ಚು ಕಾಡುವ ಮೂರು ತೊಂದರೆ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆ. ಆಯುರ್ವೇದದ ಚೂರ್ಣ, ಟಿವಿ ನೋಡಿ ತರಿಸಿದ ಪುಡಿ ಇದ್ದರೆ ಅದೂ. ಕೆಳಗೆ ಮನೆತನದ ವಿಷಯ: ತಾಯಿಗೆ, ಅಕ್ಕತಂಗಿಯರಿಗೆ ಸ್ತನದ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ್ದು, ಹೃದಯಾಘಾತ, ಸೊಂಟದ ಮೂಳೆ ಮುರಿದದ್ದು ಇತ್ತಾ? ಚಿಕಿತ್ಸೆ ಆರಿಸಲು ಇವು ಬೇಕೇ ಬೇಕು.

ಹಳೆಯ ಚೀಟಿಗಳನ್ನು ಬಿಸಾಡಬೇಡಿ

ಸಿಟ್ಟಿನಲ್ಲಿ ಹರಿದು ಹಾಕಬೇಡಿ. ಯಾವ ಮಾತ್ರೆ ಕೊಟ್ಟಿದ್ದರು, ಅದರಿಂದ ಏನಾಯಿತು ಅನ್ನುವುದು ಮುಂದಿನ ಡಾಕ್ಟರಿಗೆ ಉಪಯೋಗ. ಸ್ಕ್ಯಾನಿಂಗ್, ರಕ್ತದ ರಿಪೋರ್ಟು ಆಸ್ಪತ್ರೆಯಲ್ಲೇ ಉಳಿದಿದ್ದರೆ ಹೋಗಿ ಕೇಳಿ. 2002ರ ವೈದ್ಯರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ, ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಯಾಕೆ ಬೇಕು ಅಂತ ಕೇಳಿದರೆ “ನಮ್ಮ ಹತ್ತಿರ ಒಂದು ಪ್ರತಿ ಇರಲಿ ಅಂತ” ಅಂದರೆ ಸಾಕು, ಜಗಳ ಬೇಡ.

ಯಾರ ಹತ್ತಿರ ಹೋಗಬೇಕು

ಹೆಂಗಸು ಡಾಕ್ಟರೇ ಆದರೆ ಅರ್ಥ ಮಾಡಿಕೊಳ್ಳುತ್ತಾರೆ ಅಂತ ನಾನೂ ಅಂದುಕೊಂಡಿದ್ದೆ. ಹಾಗೇನೂ ಇಲ್ಲ. ಹೆರಿಗೆಯಲ್ಲೇ ಮುಳುಗಿರುವ ಡಾಕ್ಟರು ಗಂಡಸಾಗಲಿ ಹೆಂಗಸಾಗಲಿ, ಈ ವಿಷಯಕ್ಕೆ ಸಮಯ ಕೊಡಲು ಕಷ್ಟಪಡುತ್ತಾರೆ. ಋತುಬಂಧದ ಚಿಕಿತ್ಸೆಯನ್ನು ದಿನಾ ಮಾಡುವ ಸ್ತ್ರೀರೋಗ ತಜ್ಞರು ಬೇಕು. ಅದನ್ನು ತಿಳಿಯಲು ಮೊದಲು ಒಂದು ಫೋನ್ ಮಾಡಿ: “ಮುಟ್ಟು ನಿಲ್ಲುವ ಕಾಲದ ತೊಂದರೆಗೆ ಡಾಕ್ಟರ್ ಚಿಕಿತ್ಸೆ ಕೊಡ್ತಾರಾ? ಹಾರ್ಮೋನ್ ಔಷಧಿ ವಿಷಯ ಮಾತಾಡಬೇಕು. ಜನ ಕಮ್ಮಿ ಇರೋ ದಿನ ಯಾವುದು?” ಕೌಂಟರಿನಲ್ಲಿ ಇರುವವರು ಸಾಮಾನ್ಯವಾಗಿ ನಿಜ ಹೇಳುತ್ತಾರೆ. ಸೋಮವಾರ, ಸಂತೆ ದಿನ, ಹಬ್ಬದ ಮರುದಿನ ಬಿಟ್ಟು ಹೋಗಿ.

ಹಾಸನದವರಿಗೆ ಹಿಮ್ಸ್ ಇದೆ, 2006ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜು. ಚಿಕ್ಕಮಗಳೂರಿನವರಿಗೆ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಇದೆ, ಈಗ ಅಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಕಾಲೇಜು ಆಸ್ಪತ್ರೆಯಲ್ಲಿ ಜನ ಜಾಸ್ತಿ, ಕಾಯಬೇಕು, ಅದು ನಿಜ. ಆದರೆ ಸ್ತ್ರೀರೋಗ, ಥೈರಾಯಿಡ್, ಹೃದಯ, ಮಾನಸಿಕ ಆರೋಗ್ಯ ಎಲ್ಲದಕ್ಕೂ ಒಂದೇ ಕಡೆ ತೋರಿಸಬಹುದು. ಒಬ್ಬ ಡಾಕ್ಟರ್ ಸರಿಹೋಗದಿದ್ದರೆ, ಅದೇ ವಿಭಾಗದಲ್ಲಿ ಬೇರೆ ದಿನ ಬೇರೆ ಘಟಕದ ಡಾಕ್ಟರು ಇರುತ್ತಾರೆ. ಚೀಟಿ ಮಾಡಿಸುವಾಗಲೇ ಕೇಳಿಕೊಳ್ಳಿ.

ಕಳಸ, ಕೊಪ್ಪ, ಸಕಲೇಶಪುರದ ತೋಟದ ಕಡೆ ಇರುವವರಿಗೆ ಪೇಟೆಗೆ ಬರುವುದೇ ಒಂದು ದಿನದ ಕೆಲಸ, ಒಂದು ದಿನದ ಕೂಲಿ. ಅಂಥವರು ಇ-ಸಂಜೀವಿನಿಯಲ್ಲಿ ಫೋನ್ ಮೂಲಕವೇ ಡಾಕ್ಟರ ಹತ್ತಿರ ಮಾತಾಡಬಹುದು, ಸರ್ಕಾರದ್ದು, ದುಡ್ಡಿಲ್ಲ. ಆಶಾ ಕಾರ್ಯಕರ್ತೆಗೆ ಹೇಳಿದರೆ ದಾರಿ ತೋರಿಸುತ್ತಾರೆ. ಬಿಪಿ, ಸಕ್ಕರೆ, ಸ್ತನ ಮತ್ತು ಗರ್ಭಕಂಠದ ತಪಾಸಣೆ 30 ದಾಟಿದವರಿಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. ಅದನ್ನು ಮೊದಲೇ ಮಾಡಿಸಿಕೊಂಡು ಹೋದರೆ ಪೇಟೆಯಲ್ಲಿ ಒಂದು ಓಡಾಟ ಉಳಿಯುತ್ತದೆ. ಎರಡನೇ ಅಭಿಪ್ರಾಯಕ್ಕೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾದರೂ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿಗೆ ನಮಗೆ ಟಿಕೆಟ್ ದುಡ್ಡಿಲ್ಲ. ದೇವಸ್ಥಾನಕ್ಕೆ ಹೋಗುವ ಹಾಗೆ ನಮ್ಮ ಆರೋಗ್ಯಕ್ಕೂ ಒಂದು ಸಲ ಆ ಬಸ್ಸು ಹತ್ತಬೇಕು ಅಂತ ನನ್ನ ಆಸೆ.

ಒಳಗೆ ಕೂತಾಗ

ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ಪರವಾಗಿ ಮಾತಾಡುವವರು ಬೇಡ, ನೀವು ಮರೆತದ್ದನ್ನು ನೆನಪಿಸುವವರು ಬೇಕು. ನನ್ನ ಜೊತೆ ಅತ್ತಿಗೆ ಬಂದಿದ್ದರು. ಗಂಡ ಬರುವುದಾದರೆ ಒಳ್ಳೆಯದೇ, ಆದರೆ ಕೆಳಗಿನ ನೋವಿನ ವಿಷಯ ಅವರ ಮುಂದೆ ಹೇಳಲು ಆಗುತ್ತದಾ ಅಂತ ಮೊದಲೇ ಯೋಚಿಸಿ. ಗಂಡಸು ಡಾಕ್ಟರ್ ಪರೀಕ್ಷೆ ಮಾಡುವಾಗ ಹೆಂಗಸೊಬ್ಬರು ಪಕ್ಕದಲ್ಲಿರಬೇಕು ಅಂತ ಕೇಳುವುದು ನಿಮ್ಮ ಹಕ್ಕು. ಎರಡನೇ ಅಭಿಪ್ರಾಯ ಪಡೆಯುವುದೂ ಹಕ್ಕು. ಈ ಎರಡು ಹಕ್ಕೂ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ಅಂದರೆ ಸರ್ಕಾರದ ಹಕ್ಕುಪಟ್ಟಿಯಲ್ಲಿ, ಇವೆ.

ಕುಳಿತ ತಕ್ಷಣ ಊರ ಕತೆ ಬೇಡ, ಹಾಳೆ ಮುಂದಿಡಿ. ನಾನು ಮನೆಯಲ್ಲಿ ನಾಲ್ಕು ಸಲ ಬಾಯಿಪಾಠ ಮಾಡಿಕೊಂಡು ಹೋಗಿದ್ದು ಇದು: “ಡಾಕ್ಟ್ರೇ, ನನಗೆ 48. ಮುಟ್ಟು ನಿಲ್ಲುವ ಹಂತದಲ್ಲಿದೆ. ದಿನಕ್ಕೆ ಏಳೆಂಟು ಸಲ ಝಳ, ರಾತ್ರಿ ಮೂರು ಸಲ ಎಚ್ಚರ. ಇದರಿಂದ ಕೆಲಸ ಕೆಡ್ತಿದೆ. ಮೂರು ವಾರದ ಲೆಕ್ಕ ಇದರಲ್ಲಿದೆ. ಇದಕ್ಕೆ ಏನೇನು ಚಿಕಿತ್ಸೆ ಇದೆ, ನನಗೆ ಯಾವುದು ಆಗುತ್ತೆ ಅಂತ ಕೇಳೋಕೆ ಬಂದಿದ್ದೀನಿ.”

ಆ ಡಾಕ್ಟರ್ ಹಾಳೆ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದರು. ಪೆನ್ನು ಮುಟ್ಟಲಿಲ್ಲ. “ಈ ಲೆಕ್ಕ ತಪ್ಪಿದ್ದು ಅಂದ್ರೆ ಯಾವ ಲೆಕ್ಕ?” ಅಂತ ಕೇಳಿದರು. ನನಗೆ ಗಂಟಲು ಕಟ್ಟಿತು. ಅಷ್ಟು ದಿನದಲ್ಲಿ ನನ್ನನ್ನು ಯಾರೋ ಒಂದು ಪ್ರಶ್ನೆ ಕೇಳಿದ್ದು ಅದೇ ಮೊದಲು.

ಎಲ್ಲರೂ ಹಾಗೇ ಇರುವುದಿಲ್ಲ. ಈ ಸಲವೂ “ವಯಸ್ಸು” ಅಂದರೆ ಎದ್ದು ಬರಬೇಡಿ. ಮೆತ್ತಗೆ, ಆದರೆ ನೇರವಾಗಿ ಕೇಳಿ: “ವಯಸ್ಸಿನದೇ ಇರಬಹುದು ಡಾಕ್ಟ್ರೇ, ಆದರೆ ಇದನ್ನು ಕಮ್ಮಿ ಮಾಡೋಕೆ ಔಷಧಿ ಇದೆ ಅಂತ ಗೊತ್ತು. ನನಗೆ ಬೇಡ ಅನ್ನೋದಾದರೆ ಯಾಕೆ ಬೇಡ ಅಂತ ಹೇಳಿ, ಚೀಟಿಯಲ್ಲಿ ಬರೀರಿ.” ಬರೆಯಿರಿ ಅಂದಾಗ ಎದುರಿನವರು ಒಂದು ಗಳಿಗೆ ನಿಂತು ಯೋಚಿಸುತ್ತಾರೆ. ಕಾರಣ ಹೇಳಿದರೆ ಕೇಳಿಸಿಕೊಳ್ಳಿ, ನಿಜವಾದ ಕಾರಣವೇ ಇರಬಹುದು. ಹೇಳದಿದ್ದರೆ “ಬೇರೆಯವರ ಅಭಿಪ್ರಾಯ ಕೇಳ್ತೀನಿ, ಚೀಟಿ ಬರೆದುಕೊಡಿ” ಅಂತ ತೆಗೆದುಕೊಂಡು ಬನ್ನಿ.

ಟೆಸ್ಟ್‌ಗಳ ವಿಷಯ

ಇಲ್ಲಿ ದುಡ್ಡು ಸುಮ್ನೆ ಖರ್ಚಾಗುವುದು ಜಾಸ್ತಿ. 45 ದಾಟಿ, ಮುಟ್ಟು ಏರುಪೇರಾಗಿ, ಝಳ ಇರುವವರಿಗೆ ಋತುಬಂಧ ಹೌದೋ ಅಲ್ಲವೋ ಅಂತ ನೋಡಲು ಎಫ್‌ಎಸ್‌ಎಚ್ ಅನ್ನುವ ಹಾರ್ಮೋನ್ ಟೆಸ್ಟ್ ಬೇಕಿಲ್ಲ. ಈ ಹಂತದಲ್ಲಿ ಅದು ದಿನದಿಂದ ದಿನಕ್ಕೆ ಏರಿಳಿಯುತ್ತದೆ. “ರಿಪೋರ್ಟ್ ನಾರ್ಮಲ್ ಇದೆ, ಹಾಗಾಗಿ ನಿಮಗೆ ಏನೂ ಇಲ್ಲ” ಅಂತ ಇದರ ಮೇಲೆ ಹೇಳಿದರೆ ಒಪ್ಪಬೇಡಿ. 45ಕ್ಕಿಂತ ಚಿಕ್ಕವರಿಗೆ ಮಾತ್ರ ಇದು ಉಪಯೋಗ. ಥೈರಾಯಿಡ್ ಟೆಸ್ಟ್, ಹಿಮೋಗ್ಲೋಬಿನ್, ಸಕ್ಕರೆ, ಬಿಪಿ ನೋಡಿಸಿ. ಥೈರಾಯಿಡ್ ಜಾಸ್ತಿಯಾದರೂ ಬೆವರು, ಎದೆಬಡಿತ ಬರುತ್ತದೆ. ರಕ್ತಹೀನತೆಯಲ್ಲೂ ಸುಸ್ತು, ಉಬ್ಬಸ ಇರುತ್ತದೆ. ದೊಡ್ಡ ಮೊತ್ತದ ‘ಫುಲ್ ಬಾಡಿ’ ಪ್ಯಾಕೇಜ್ ಬೇಕಾ ಅಂತ ಡಾಕ್ಟರನ್ನು ಕೇಳದೆ ಮಾಡಿಸಬೇಡಿ.

ಯಾವ ಚಿಕಿತ್ಸೆ ಇದೆ

ಝಳ ಮತ್ತು ರಾತ್ರಿ ಬೆವರಿಗೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಹಾರ್ಮೋನ್ ಚಿಕಿತ್ಸೆ. ಮೈಯಲ್ಲಿ ಕಮ್ಮಿಯಾದ ಈಸ್ಟ್ರೋಜನ್ ಅನ್ನುವ ಹಾರ್ಮೋನನ್ನು ಸ್ವಲ್ಪ ಪ್ರಮಾಣದಲ್ಲಿ ಕೊಡುವುದು. ಗರ್ಭಕೋಶ ಇರುವವರಿಗೆ ಅದರ ಜೊತೆ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನ್ ಕೊಡಲೇಬೇಕು, ಇಲ್ಲದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗಿ ಕ್ಯಾನ್ಸರ್ ಅಪಾಯ ಬರುತ್ತದೆ. ಮಾತ್ರೆ ಇದೆ, ಚರ್ಮಕ್ಕೆ ಹಚ್ಚುವ ಜೆಲ್ ಇದೆ. ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಜೆಲ್‌ನಲ್ಲಿ ಕಮ್ಮಿ.

“ಹಾರ್ಮೋನ್ ತಗೊಂಡ್ರೆ ಕ್ಯಾನ್ಸರ್ ಬರುತ್ತೆ” ಅಂತ ನೀವೂ ಕೇಳಿರುತ್ತೀರಿ. ಈ ಹೆದರಿಕೆ ದೊಡ್ಡದಾಗಿ ಹಬ್ಬಿದ್ದು 2002ರಲ್ಲಿ. ಅಮೆರಿಕದ ಒಂದು ದೊಡ್ಡ ಅಧ್ಯಯನವನ್ನು ಅರ್ಧಕ್ಕೆ ನಿಲ್ಲಿಸಿದರು, ಜಗತ್ತಿನ ತುಂಬ ಸುದ್ದಿಯಾಯಿತು. ಅದರಲ್ಲಿ ಎರಡು ಹಾರ್ಮೋನ್ ಸೇರಿಸಿ ತೆಗೆದುಕೊಂಡ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 8 ಸ್ತನ ಕ್ಯಾನ್ಸರ್ ಜಾಸ್ತಿ ಕಂಡಿತ್ತು. ಭಾಗವಹಿಸಿದವರ ಸರಾಸರಿ ವಯಸ್ಸು 63, ಅಂದರೆ ಮುಟ್ಟು ನಿಂತು ಬಹಳ ವರ್ಷ ಆದವರು. ಆಮೇಲೆ ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಾಗ ಚಿತ್ರ ಬದಲಾಯಿತು. 60ರ ಒಳಗಿನವರಿಗೆ ಅಥವಾ ಮುಟ್ಟು ನಿಂತು ಹತ್ತು ವರ್ಷ ಆಗದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಅಪಾಯಕ್ಕಿಂತ ಲಾಭ ಜಾಸ್ತಿ ಅಂತ ಈಗಿನ ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಮೂಳೆ ಸವೆಯುವುದನ್ನೂ ಇದು ತಡೆಯುತ್ತದೆ. ಅಪಾಯ ಪೂರ್ತಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಎಷ್ಟಿದೆ ಅಂತ ಲೆಕ್ಕ ಹಾಕಿ ಮಾತಾಡುವ ಡಾಕ್ಟರ್ ಬೇಕು ಅನ್ನುತ್ತಿದ್ದೇನೆ.

ಸ್ತನ ಕ್ಯಾನ್ಸರ್ ಆದವರು, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು, ಹೃದಯಾಘಾತ ಆದವರು, ಲಿವರ್ ಕಾಯಿಲೆ ಇರುವವರು, ಯಾಕೆ ಅಂತ ಗೊತ್ತಿಲ್ಲದ ರಕ್ತಸ್ರಾವ ಇರುವವರಿಗೆ ಇದು ಸಾಮಾನ್ಯವಾಗಿ ಆಗುವುದಿಲ್ಲ. ಪಕ್ಕದ ಮನೆಯವರ ಮಾತ್ರೆ ತೋರಿಸಿ ಮೆಡಿಕಲ್ ಶಾಪ್‌ನಲ್ಲಿ ತೆಗೆದುಕೊಳ್ಳುವುದಂತೂ ಖಂಡಿತ ಬೇಡ.

ಹಾರ್ಮೋನ್ ಆಗದವರಿಗೂ ದಾರಿ ಇದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ನರದ ನೋವಿಗೆ ಕೊಡುವ ಗಾಬಾಪೆಂಟಿನ್ ಝಳವನ್ನೂ ಕಮ್ಮಿ ಮಾಡುತ್ತವೆ. ಹಾಗಾಗಿ ಅಂಥ ಮಾತ್ರೆ ಬರೆದರೆ “ನನ್ನನ್ನು ಹುಚ್ಚಿ ಅಂದುಕೊಂಡರು” ಅಂತ ಬೇಜಾರಾಗಬೇಡಿ, ಯಾವುದಕ್ಕೆ ಕೊಟ್ಟಿದ್ದು ಅಂತ ಕೇಳಿ. ಒಣಗುವಿಕೆ, ಉರಿಮೂತ್ರಕ್ಕೆ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ. ಅದರಿಂದ ರಕ್ತಕ್ಕೆ ಸೇರುವುದು ತೀರಾ ಕಮ್ಮಿ. ಝಳ ವರ್ಷ ಕಳೆದ ಹಾಗೆ ಇಳಿಯುತ್ತದೆ, ಒಣಗುವಿಕೆ ತಾನಾಗಿ ಹೋಗುವುದಿಲ್ಲ, ಜಾಸ್ತಿಯಾಗುತ್ತದೆ. ನಾಚಿಕೊಂಡು ಮುಚ್ಚಿಡುವವರು ಇದನ್ನು ತಿಳಿದಿರಬೇಕು.

ಇನ್ನೊಂದು ಮಾತು, ಯಾರೂ ಹೇಳದೇ ಇರುವುದು. ಮುಟ್ಟು ಏರುಪೇರಾಗಿದೆ ಅಂದರೆ ಗರ್ಭ ನಿಲ್ಲುವುದಿಲ್ಲ ಅಂತಲ್ಲ. 50ರ ಒಳಗಿನವರು ಕೊನೆಯ ಮುಟ್ಟಿನ ನಂತರ ಎರಡು ವರ್ಷ, 50 ದಾಟಿದವರು ಒಂದು ವರ್ಷ ಎಚ್ಚರಿಕೆ ಇಟ್ಟುಕೊಳ್ಳಬೇಕು. ಹಾರ್ಮೋನ್ ಚಿಕಿತ್ಸೆ ಗರ್ಭನಿರೋಧಕ ಅಲ್ಲ.

ಊಟದಲ್ಲಿ ನಮ್ಮ ರಾಗಿಮುದ್ದೆ ಬಿಡಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನಡಿಗೆ, ಭಾರ ಎತ್ತುವ ಕೆಲಸ ಮೂಳೆಗೆ ಒಳ್ಳೆಯದು. ಆದರೆ ದಿನಕ್ಕೆ ಏಳು ಸಲ ಝಳ ಬರುವವಳಿಗೆ ಬರೀ “ವಾಕಿಂಗ್ ಮಾಡಿ” ಅಂತ ಕಳಿಸಿದರೆ ಅದು ಚಿಕಿತ್ಸೆ ಆಗುವುದಿಲ್ಲ.

‘ಗರ್ಭಕೋಶ ತೆಗೆಸಿಬಿಡಿ’ ಅಂದರೆ

ನಿಲ್ಲಿ. ಝಳಕ್ಕೆ, ನಿದ್ದೆಗೆ, ಸಿಟ್ಟಿಗೆ ಗರ್ಭಕೋಶ ತೆಗೆಯುವುದು ಔಷಧಿ ಅಲ್ಲ. ಜೊತೆಗೆ ಅಂಡಾಶಯವನ್ನೂ ತೆಗೆದರೆ ಹಾರ್ಮೋನ್ ಒಂದೇ ದಿನದಲ್ಲಿ ನಿಂತು ಝಳ ಇನ್ನೂ ಜೋರಾಗುತ್ತದೆ. ರಕ್ತಸ್ರಾವ ಜಾಸ್ತಿ ಇದ್ದರೂ ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ ಮುಂತಾದ ದಾರಿಗಳನ್ನು ಮೊದಲು ನೋಡಬೇಕು. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆಗಳು ನಮ್ಮ ದೇಶದಲ್ಲಿ ಎಷ್ಟಾಗಿವೆ ಅಂದರೆ, 2022ರಲ್ಲಿ ಕೇಂದ್ರ ಸರ್ಕಾರ ಅದನ್ನು ತಡೆಯಲು ಮಾರ್ಗಸೂಚಿ ತಂದಿತು, 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಜಾರಿಗೆ ತನ್ನಿ ಅಂತ ರಾಜ್ಯಗಳಿಗೆ ಹೇಳಿತು. ಕ್ಯಾನ್ಸರ್, ದೊಡ್ಡ ಗಡ್ಡೆಗಳಂಥ ಕಾರಣಕ್ಕೆ ತೆಗೆಯಲೇಬೇಕಾಗುವುದೂ ಉಂಟು. ಆಗಲೂ ಅಂಡಾಶಯ ಉಳಿಸಬಹುದಾ ಅಂತ ಕೇಳಿ, ಇನ್ನೊಂದು ಕಡೆ ರಿಪೋರ್ಟು ತೋರಿಸಿ, ಆಮೇಲೆ ಸಹಿ ಹಾಕಿ.

ಮೂರು ತಿಂಗಳಿಗೆ ಮತ್ತೆ ಹೋಗಿ

ಚಿಕಿತ್ಸೆ ಶುರುವಾದ ಮೇಲೂ ನೋಟ್‌ಬುಕ್ ಮುಂದುವರಿಸಿ. ಕೆಲವು ವಾರದಲ್ಲೇ ವ್ಯತ್ಯಾಸ ಶುರುವಾಗುತ್ತದೆ, ಪೂರ್ತಿ ಗೊತ್ತಾಗಲು ಮೂರು ತಿಂಗಳು ಬೇಕು. ನನಗೆ ದಿನಕ್ಕೆ ಏಳು ಝಳ ಇದ್ದದ್ದು ಮೊದಲ ತಿಂಗಳಿಗೆ ನಾಲ್ಕಾಯಿತು, ಮೂರನೇ ತಿಂಗಳಿಗೆ ಒಂದು, ಕೆಲವು ದಿನ ಸೊನ್ನೆ. ಸ್ತನ ನೋವು, ಹೊಟ್ಟೆ ಉಬ್ಬರ, ಮಧ್ಯೆ ಮಧ್ಯೆ ರಕ್ತದ ಕಲೆ ಮೊದಮೊದಲು ಬರಬಹುದು. ಮಾತ್ರೆ ನೀವೇ ನಿಲ್ಲಿಸದೆ ಡಾಕ್ಟರಿಗೆ ಹೇಳಿ, ಪ್ರಮಾಣವನ್ನೋ ಔಷಧಿಯನ್ನೋ ಬದಲಿಸುತ್ತಾರೆ. ಒಂದು ಔಷಧಿ ಹಿಡಿಸಲಿಲ್ಲ ಅಂದರೆ ಯಾವುದೂ ಹಿಡಿಸುವುದಿಲ್ಲ ಅಂತಲ್ಲ.

ಮೊದಲ ಡಾಕ್ಟರ ಮೇಲೆ ದೂರು ಕೊಡಬೇಕಾ? ಸಮಯ ಕೊಡಲಿಲ್ಲ ಅನ್ನುವುದಷ್ಟೇ ಆದರೆ ನಾನು ಕೊಡಲಿಲ್ಲ. ಆ ಶಕ್ತಿಯನ್ನು ಒಳ್ಳೆಯ ಡಾಕ್ಟರನ್ನು ಹುಡುಕಲು ಉಳಿಸಿಕೊಂಡೆ. ಆದರೆ ಅವಮಾನ ಮಾಡಿದ್ದರೆ, ದಾಖಲೆ ಕೊಡದಿದ್ದರೆ, ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡಿದ್ದರೆ ಸುಮ್ನಿರಬೇಡಿ. ಖಾಸಗಿ ಆಸ್ಪತ್ರೆಯಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಕುಂದುಕೊರತೆ ಪ್ರಾಧಿಕಾರ ಇದೆ, ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಡಬಹುದು. ಸರ್ಕಾರಿ ಆಸ್ಪತ್ರೆಯಾದರೆ ಅಲ್ಲಿನ ವೈದ್ಯಕೀಯ ಅಧೀಕ್ಷಕರಿಗೆ ಬರೆದು ಕೊಡಿ. ದಿನಾಂಕ ಹಾಕಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಮೂರು ತಿಂಗಳ ಭೇಟಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಹೋದರೆ ಸಾಕು. ಬಿಪಿ ನೋಡಿಸಬೇಕು, ಸ್ತನ ಪರೀಕ್ಷೆ ಆಗಬೇಕು, ಔಷಧಿ ಮುಂದುವರಿಸಬೇಕಾ ಅಂತ ಕೇಳಬೇಕು. ಇಷ್ಟೇ ವರ್ಷ ಅಂತ ಎಲ್ಲರಿಗೂ ಒಂದೇ ಗಡುವು ಇಲ್ಲ. ನನ್ನ ವರ್ಷದ ಭೇಟಿ ಬರುವ ತಿಂಗಳು. ಈ ಸಲದ ಹಾಳೆಯಲ್ಲಿ ಝಳದ ಸಾಲು ಖಾಲಿ ಇದೆ. ಮೊಣಕಾಲಿನದು ಮೊದಲನೆಯದಾಗಿ ಬರೆದುಕೊಂಡಿದ್ದೇನೆ.